ಬಲಗಾಲು ಮುಂದೆ

ನನಗೆ ಸಿಟ್ಟು ಬೇಗ ಬರುತ್ತದೆ. ಬೀರೂರು ಸ್ಟೇಷನ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡವಳಿಗೆ ಬರದಿದ್ದರೇ ಆಶ್ಚರ್ಯ. ರೈಲಿಗೆ ಐದು ನಿಮಿಷ ಇರುವಾಗ ಓಡಿ ಬಂದು, ಆಧಾರ್ ಕಾರ್ಡಿನ ಎರಡೂ ಕಡೆ ಒಂದೇ ಹಾಳೆಯಲ್ಲಿ ಬೇಕು, ಬಣ್ಣದಲ್ಲಿ ಬೇಕು, ಅದೂ ಈಗಲೇ ಬೇಕು ಎನ್ನುತ್ತಾರೆ. ಅಂಥವರಿಗೆಲ್ಲ ಉತ್ತರ ಕೊಟ್ಟೂ ಕೊಟ್ಟೂ ನನ್ನ ಬಾಯಿ ಹರಿತವಾಗಿದೆ. ಹಾಗಾಗಿ ನನ್ನ ಮಗಳು ಬಾಕ್ಸಿಂಗ್ ಕಲಿಯುತ್ತೇನೆ ಎಂದಾಗ ನಮ್ಮ ಬೀದಿಯಲ್ಲಿ ಯಾರೂ ಬೆಚ್ಚಲಿಲ್ಲ. "ತಾಯಿ ಬಾಯಲ್ಲಿ ಬಾರಿಸ್ತಾಳೆ, ಮಗಳು ಕೈಯಲ್ಲಿ ಬಾರಿಸ್ತಾಳೆ, ಇದ್ರಲ್ಲೇನೈತೆ?" ಎಂದು ಪಕ್ಕದ ಹೂವಿನ ಅಂಗಡಿಯಾಕೆ ನಕ್ಕಳು. ನಾನೂ ನಕ್ಕೆ.

ಮನೆಯಲ್ಲಿ ಹೆದರಿದವರು ಒಬ್ಬರೇ, ನನ್ನ ಗಂಡ. ಅವರು ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಗೂಡ್ಸ್ ಗಾಡಿಯ ಎರಡು ಡಬ್ಬಿಗಳ ನಡುವೆ ನುಗ್ಗಿ ಕೊಂಡಿ ಹಾಕುವ ಮನುಷ್ಯ. ಆದರೆ ಮಗಳ ಬೆರಳಿಗೆ ಸೂಜಿ ಚುಚ್ಚಿದರೆ ಗೋಡೆ ಹಿಡಿದುಕೊಂಡು ಕೂತುಬಿಡುತ್ತಾರೆ. ಕಡೂರಿನ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದ ಮಗಳು ಕ್ರೀಡಾ ದಿನಕ್ಕೆ ಯಾರೋ ತಂದಿದ್ದ ಗ್ಲೌಸ್ ಹಾಕಿಕೊಂಡು ನಾಲ್ಕು ಗುದ್ದು ಗುದ್ದಿದ್ದಳು. ಅಂದಿನಿಂದ ಅವಳಿಗೆ ಅದೇ ಧ್ಯಾನ. ಇವರು ಎರಡು ದಿನ ಮಾತಾಡದೆ ಉಂಡು ಎದ್ದರು. ಮೂರನೆಯ ದಿನ ತಟ್ಟೆ ಸರಿಸಿ ಹೇಳಿದರು.

"ಬೇಡ ಅಂದ್ರೆ ನೀವಿಬ್ರೂ ಕೇಳೋರಲ್ಲ. ಕಲೀಲಿ. ಆದ್ರೆ ಒಂದು ಮಾತು. ಯಾವತ್ತು ಅವಳ ಮೂಗಲ್ಲಿ ಒಂದು ತೊಟ್ಟು ರಕ್ತ ಬರುತ್ತೋ ಅವತ್ತಿಗೆ ಮುಗೀತು. ಒಂದೇ ತೊಟ್ಟು. ಒಪ್ಕೋತೀಯಾ?"

"ಒಪ್ಕಂಡೆ ಕಣ್ರೀ" ಎಂದೆ. ಅವರೇನೂ ಮಗಳ ಮುಖ ನೋಡಿ ಕೇಳಲಿಲ್ಲ, ನನ್ನ ಮುಖ ನೋಡಿ ಕೇಳಿದ್ದರು. ನಾನು ಎಷ್ಟು ಕೂಗಾಡಿದರೂ ಕೊಟ್ಟ ಮಾತು ತಪ್ಪುವವಳಲ್ಲ ಎಂದು ಅವರಿಗೆ ಗೊತ್ತು.

ಇನ್ನು ಕಲಿಸುವವರು ಯಾರು? ಕಾಲೇಜಿನ ಆಟದ ಮೇಷ್ಟ್ರು ಒಳ್ಳೆಯವರು. "ಕಬಡ್ಡಿ ಆದ್ರೆ ನಾನಿದ್ದೀನಿ. ಬಾಕ್ಸಿಂಗ್‌ಗೆ ಇನ್ನು ಐದು ತಿಂಗಳಿಗೆ ತರೀಕೆರೇಲಿ ಕಾಲೇಜುಗಳ ಪಂದ್ಯ ಐತೆ, ಹೆಸರು ಕಳಿಸ್ತೀನಿ. ಕಲಿಯೋದು ಮಾತ್ರ ನೀವೇ ನೋಡ್ಕೊಳ್ರಮ್ಮ" ಎಂದರು. ಕಡೂರು, ಬೀರೂರು, ಅಜ್ಜಂಪುರ ಎಲ್ಲ ಕಡೆ ವಿಚಾರಿಸಿದೆ. ಕರಾಟೆಯವರು ಸಿಕ್ಕರು, ಯೋಗದವರು ಸಿಕ್ಕರು, ಬಾಕ್ಸಿಂಗಿನವರು ಸಿಗಲಿಲ್ಲ. ಉಳಿದದ್ದು ಫೋನು ಮತ್ತು ಪುಸ್ತಕ. ಸರಿ, ನಾನೇ ಆರಿಸುತ್ತೇನೆ ಎಂದು ಸೆರಗು ಸಿಕ್ಕಿಸಿದೆ.

ಅಯ್ಯೋ, ಆ ವೀಡಿಯೋಗಳೋ! ಒಬ್ಬ ಏಳೇ ದಿನದಲ್ಲಿ ಕಲಿಸುತ್ತೇನೆ ಎನ್ನುತ್ತಾನೆ, ಮೊದಲ ದಿನದ ಅರ್ಧ ಭಾಗ ಅವನ ತೋಳನ್ನು ಅವನೇ ನೋಡಿಕೊಳ್ಳುವುದರಲ್ಲಿ ಮುಗಿಯುತ್ತದೆ. ಇನ್ನೊಬ್ಬ ಪಾಠದ ನಡುವೆ ಡಬ್ಬಿಯಲ್ಲಿರುವ ಪುಡಿ ಮಾರುತ್ತಾನೆ. ಮತ್ತೊಂದರಲ್ಲಿ ಒಬ್ಬಳು ಬೆಡಗಿ ಕೂದಲು ಬಿಟ್ಟುಕೊಂಡು ಐದು ಜನರನ್ನು ಕೆಡವುತ್ತಾಳೆ, ಒಂದು ಕೂದಲೂ ಕದಲುವುದಿಲ್ಲ. ಡೋಲು, ಬೆಂಕಿ, ಹೊಗೆ. ಮಗಳಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿದ್ದವು. "ಅಮ್ಮ ಇದು ನೋಡು, ಸಕ್ಕತ್ತಾಗಿ ಹೊಡೀತಾನೆ" ಎನ್ನುತ್ತಿದ್ದಳು. ನನಗೆ ಹೊಡೆಯುವುದು ಬೇಕಾಗಿರಲಿಲ್ಲ. ಹೊಡೆಸಿಕೊಳ್ಳದೆ ಇರುವುದು ಬೇಕಾಗಿತ್ತು. ಮೂಗಿನ ಮೇಲೆ ನಾನು ಮಾತು ಕೊಟ್ಟಿದ್ದೆನಲ್ಲ.

ಆಗ ನಡುವೆ ಬಂದವರು ನನ್ನ ಮಾವ. ಎಂಬತ್ತು ದಾಟಿದೆ, ಅಜ್ಜಂಪುರದ ಕಡೆಯ ಗರಡಿಯಲ್ಲಿ ಮೈಗೆ ಮಣ್ಣು ಮೆತ್ತಿಕೊಂಡು ಬೆಳೆದವರು. ಈಗ ನಮ್ಮ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಸ್ಟೇಷನ್‌ಗೆ ಹೋಗುವವರ ನಡಿಗೆ ನೋಡಿ ಯಾರಿಗೆ ಮಂಡಿ ನೋವು, ಯಾರಿಗೆ ಹೊಸ ಚಪ್ಪಲಿ ಕಚ್ಚುತ್ತಿದೆ ಎಂದು ಹೇಳುತ್ತಾರೆ. ಒಂದು ಸಂಜೆ ನಾನೂ ಮಗಳೂ ಜಗಳವಾಡುವುದನ್ನು ಕೇಳಿ ಒಳಗೆ ಬಂದರು. ಹೆಗಲ ಮೇಲಿನ ಟವೆಲ್ ತೆಗೆದು, ನಾವು ಫೋನು ಜೋಡಿಸಿ ವೀಡಿಯೋ ನೋಡುತ್ತಿದ್ದ ಅಂಗಡಿಯ ಟಿವಿಯ ಮೇಲರ್ಧ ಮುಚ್ಚುವ ಹಾಗೆ ಇಳಿಬಿಟ್ಟರು.

"ಸೌಂಡ್ ತೆಗೀರವ್ವ" ಎಂದರು. "ಮಾತು ಕೇಳಿದ್ರೆ ಮೋಸ ಹೋಯ್ತೀರ, ತೋಳು ನೋಡಿದ್ರೆ ಇನ್ನೂ ಮೋಸ ಹೋಯ್ತೀರ. ಗುರೂನ ಆರಿಸ್ಬೇಕಾದ್ರೆ ಕಾಲು ನೋಡ್ಬೇಕು."

ಟವೆಲ್ ಹಾಕಿದ ಮೇಲೆ ನಿಜವಾಗಿಯೂ ಎಲ್ಲರ ಬಣ್ಣ ಬಯಲಾಯಿತು. ಏಳು ದಿನದವನ ಕಾಲು ಒಂದರ ಮೇಲೊಂದು ಸಿಕ್ಕಿಕೊಳ್ಳುತ್ತಿತ್ತು. ಪುಡಿ ಮಾರುವವನು ನೆಟ್ಟಗೆ ಕಂಬದ ಹಾಗೆ ನಿಂತಿದ್ದ. ಹತ್ತು ದಿನ ಇದೇ ಕೆಲಸ. ಗಿರಾಕಿ ಬಂದರೆ ಒಂದು ಕಣ್ಣು ಮೆಷಿನ್ ಮೇಲೆ, ಇನ್ನೊಂದು ಕಣ್ಣು ಟವೆಲ್ ಕೆಳಗೆ. ಕೊನೆಗೆ ಒಂದು ಹಳೇ ಶೆಡ್ಡಿನಲ್ಲಿ ತೆಗೆದ ವೀಡಿಯೋ ಬಂತು. ಎರಡು ಕಾಲು, ಸವೆದ ಶೂ. ಮಾವ ಮುಂದಕ್ಕೆ ಬಾಗಿದರು.

"ಇವ್ನು ಕಣವ್ವ! ನೋಡು, ನೆಲಾನ ಕೇಳ್ಕಂಡು ಹೆಜ್ಜೆ ಇಡ್ತಾನೆ."

ಟವೆಲ್ ಎತ್ತಿ ನೋಡಿದರೆ ಬೊಕ್ಕತಲೆಯ, ದೊಡ್ಡ ಹೊಟ್ಟೆಯ ಒಬ್ಬ ಮುದುಕ. ಮಗಳ ಮುಖ ಹುಳಿ ಹಿಂಡಿದಂತಾಯಿತು. "ತಾತ, ಇವ್ರಾ?" ಎಂದಳು. "ಹೊಟ್ಟೆ ನಿಂಗ್ಯಾಕೆ, ನೀನೇನು ಅವ್ನಿಗೆ ಅಡುಗೆ ಮಾಡಿಹಾಕ್ಬೇಕಾ?" ಎಂದು ಮಾವ ಗದರಿದರು. ಅವನೇ ಗುರುವೆಂದು ನಿಶ್ಚಯವಾಯಿತು. ಸೌಂಡ್ ಮಾತ್ರ ಕೊನೆಯವರೆಗೂ ಹಾಕಲಿಲ್ಲ. ಮಾವನ ಅಪ್ಪಣೆ.

ಪುಸ್ತಕದ್ದು ಇನ್ನೊಂದು ಕಥೆ. ಮೊದಲು ತರಿಸಿದ್ದು ಬಾಕ್ಸಿಂಗಿನ ಪುಸ್ತಕವೇ, ಆದರೆ ಬರೆದವನು ತಾನು ಗೆದ್ದ ಪಂದ್ಯಗಳನ್ನು ಬಿಟ್ಟು ಬೇರೇನೂ ಹೇಳಿರಲಿಲ್ಲ. ಎರಡನೆಯದರಲ್ಲಿ ಚಿತ್ರಗಳಿದ್ದವು, ಕೈಯಿಂದ ಬರೆದ ಗೆರೆಚಿತ್ರಗಳು, ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಎಂಬುದೇ ತಿಳಿಯದು. ಎರಡನ್ನೂ ವಾಪಸ್ ಕಳಿಸಿದೆ. ಮೂರನೆಯದು ಹಳೇ ಪುಸ್ತಕ, ಅಂಗೈ ಅಗಲ, ಇಂಗ್ಲಿಷಿನದು. ಬಂದ ದಿನ ಗಲ್ಲಾದ ಮೇಲೆ ಇಟ್ಟುಕೊಂಡು ಹಿಂದಿನಿಂದ ತಿರುವಿದೆ. ಮೊದಲ ಗುದ್ದು ಬರುವುದೇ ಪುಸ್ತಕದ ಅರ್ಧ ದಾಟಿದ ಮೇಲೆ! ಅದಕ್ಕೂ ಮುಂಚೆ ಪೂರ್ತಿ ನಿಲ್ಲುವುದು, ನಡೆಯುವುದು, ತಲೆ ತಪ್ಪಿಸುವುದು, ಕೈ ಅಡ್ಡ ಹಿಡಿಯುವುದು. ಓದುವವರಿಗೆ ಗೊಂದಲವಾಗದಿರಲಿ ಎಂದು ಫೋಟೋಗಳನ್ನೆಲ್ಲ ಆಟಗಾರನ ಬೆನ್ನ ಹಿಂದಿನಿಂದ ತೆಗೆದಿದ್ದರು. ಅವನು ಹೇಗೆ ನಿಂತಿದ್ದಾನೋ ನಾವೂ ಹಾಗೇ ನಿಂತರೆ ಆಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಆ ಹೊತ್ತಿಗೆ ಬಂದ ಗಿರಾಕಿಗೆ ಎರಡು ಜೆರಾಕ್ಸ್ ಪುಕ್ಕಟೆ ಕೊಟ್ಟೆ.

"ಹೊಡಿಯೋದು ಯಾವಾಗಮ್ಮ?" ಎಂದು ಮಗಳು ಗೊಣಗಿದಳು.

"ಮೊದ್ಲು ಮೂಗು ಉಳಿಸ್ಕೊಳೋದು ಕಲಿಯೇ. ಆಮೇಲೆ ಬೇರೆಯವ್ರ ಮೂಗಿನ ವಿಚಾರ" ಎಂದೆ.

ಫೋಟೋಗಳು ತೀರಾ ಚಿಕ್ಕವು. ಎರಡೂ ಕೈಗೆ ಗ್ಲೌಸ್ ಹಾಕಿಕೊಂಡವಳು ಪುಸ್ತಕ ಹಿಡಿಯುವುದೆಲ್ಲಿ? ಜೆರಾಕ್ಸ್ ಅಂಗಡಿಯವಳಿಗೆ ಇದೊಂದು ಸಮಸ್ಯೆಯೇ? ಅಂದು ಕ್ರಿಕೆಟ್ ಹುಡುಗರ ಟೀ ಶರ್ಟಿಗೆ ಹೆಸರು ಹಾಕುವ ಆರ್ಡರ್ ಇತ್ತು. ಅದು ಮುಗಿದದ್ದೇ ತಡ, ಪುಸ್ತಕದ ಒಂದೊಂದು ಚಿತ್ರವನ್ನೂ ಕಂಪ್ಯೂಟರಿಗೆ ಹಾಕಿ, ಅಕ್ಷರಗಳನ್ನೆಲ್ಲ ಕತ್ತರಿಸಿ, ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿದೆ. ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದೆ. ಪುಸ್ತಕದವನು ಎಡಗೈ ಬಲಗೈ ಎನ್ನುತ್ತಲೇ ಇರಲಿಲ್ಲ. ಮುಂದಿನ ಕೈ, ಹಿಂದಿನ ಕೈ ಎನ್ನುತ್ತಿದ್ದ. ನಾನೂ ಹಾಗೇ ಬರೆದೆ. ಅಂಗಡಿಯ ಹಿಂದಿನ ಶೀಟಿನ ಚಪ್ಪರದಲ್ಲಿ ಮೂರು ಗೋಡೆಗೂ ಅಂಟಿಸಿದೆವು. ಹಾಳಾದ ಹಾಳೆ, ಹಳೇ ಬಟ್ಟೆ ತುಂಬಿದ ಗೋಣಿಚೀಲವನ್ನು ನಡುವೆ ನೇತುಹಾಕಿದೆವು.

ಮೊದಲ ದಿನ ಮಗಳು ಗೋಡೆಯ ಚಿತ್ರ ನೋಡಿ ನಿಂತಳು. ಬಲಗಾಲು ಮುಂದೆ, ಬಲಗೈ ಮುಂದೆ. ಚಪ್ಪರಕ್ಕೆ ತಂದಿಟ್ಟ ಟಿವಿಯಲ್ಲಿ ಹೊಟ್ಟೆ ಗುರು ನಮ್ಮ ಕಡೆ ಮುಖ ಮಾಡಿ ನಿಂತಿದ್ದ. ಅವನ ಎದುರು ಕನ್ನಡಿಯ ಮುಂದೆ ನಿಂತಂತೆ ನಿಂತರೂ ಬಲಗಾಲೇ ಮುಂದೆ ಬಂತು. ಮಾವ ತಲೆದೂಗಿದರು.

"ನೋಡಿದ್ಯಾ, ಬಲಗಾಲಿಟ್ಟೇ ಶುರು ಮಾಡ್ತಾರೆ. ಯಾವ ದೇಶ ಆದ್ರೇನು, ಶಾಸ್ತ್ರ ಒಂದೇ."

ಸೊಸೆಯನ್ನು ಬಲಗಾಲಿಟ್ಟು ಒಳಗೆ ಬಾ ಎನ್ನುವ ಮನೆ ನಮ್ಮದು. ಹೊಸ ಅಂಗಡಿಗೆ ಬಲಗಾಲು, ಹೊಸ ಗಾಡಿಗೆ ಬಲಗಾಲು. ಬಾಕ್ಸಿಂಗಿಗೂ ಬಲಗಾಲು ಎಂದರೆ ಅನುಮಾನ ಪಡುವವರು ಯಾರು? ಮಗಳು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಶುರು ಮಾಡಿದಳು.

ಆ ನಾಲ್ಕು ತಿಂಗಳು ನನ್ನ ಬದುಕಿನಲ್ಲೇ ಹೆಚ್ಚು ನಕ್ಕ ದಿನಗಳು. ಬೆಳಿಗ್ಗೆ ಆರಕ್ಕೆ ಮಾವ ಕುರ್ಚಿಯಲ್ಲಿ ಕೂತು "ಹೆಜ್ಜೆ, ಹೆಜ್ಜೆ" ಎನ್ನುವರು. ನಾನು ಲಟ್ಟಣಿಗೆಗೆ ಬಟ್ಟೆ ಸುತ್ತಿ ಮಗಳ ಮುಖದ ಕಡೆ ಬೀಸುತ್ತಿದ್ದೆ, ಅವಳು ತಲೆ ತಪ್ಪಿಸಬೇಕು. ಹಿಂದಿನ ದಿನ ಯಾವ ಗಿರಾಕಿ ಎಷ್ಟು ಸತಾಯಿಸಿದ್ದಾನೋ ನನ್ನ ಬೀಸು ಅಷ್ಟು ಜೋರು. "ಅಮ್ಮ, ನಾನೇನು ನಿನ್ ಗಿರಾಕಿನಾ?" ಎಂದು ಅವಳು ನಗುತ್ತಾ ಬಗ್ಗುವಳು. ಒಂದು ತಿಂಗಳ ಹೊತ್ತಿಗೆ ನನ್ನ ಲಟ್ಟಣಿಗೆ ಗಾಳಿಯಲ್ಲೇ ಓಡಾಡತೊಡಗಿತು. ಅವಳು ಸಿಗುತ್ತಲೇ ಇರಲಿಲ್ಲ. ನನ್ನವರು ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಡ್ಯೂಟಿಗೆ ಹೋಗುವಾಗ ಚಪ್ಪರದ ಬಾಗಿಲಲ್ಲಿ ನಿಂತು, "ಮೂಗು ಹೆಂಗೈತೆ?" ಎಂದು ಕೇಳಿ ಹೊರಟುಬಿಡುವರು.

ಪಂದ್ಯದ ದಿನ ನಾವು ಮೂವರೂ ಬೆಳಗಿನ ರೈಲಿಗೆ ತರೀಕೆರೆಗೆ ಹೋದೆವು. ನನ್ನವರು ಡ್ಯೂಟಿ ಮುಗಿಸಿ ಆಮೇಲೆ ಬರುತ್ತೇನೆ ಎಂದಿದ್ದರು. ಒಂದು ಕಲ್ಯಾಣ ಮಂಟಪದಲ್ಲಿ ರಿಂಗ್ ಕಟ್ಟಿದ್ದರು. ಹಿಂದಿನ ದಿನದ ಮದುವೆಯ ಚೆಂಡುಹೂವಿನ ಸರ ಇನ್ನೂ ಕಂಬಗಳಲ್ಲಿತ್ತು. ತೂಕ ನೋಡಿದ ಮೇಲೆ ಮಗಳು ಮೂಲೆಯಲ್ಲಿ ನಿಂತು ಮೈ ಬಿಸಿ ಮಾಡಿಕೊಳ್ಳುತ್ತಿದ್ದಳು. ತೀರ್ಪುಗಾರರ ಜೊತೆ ಬಂದಿದ್ದ ಒಬ್ಬ ತರಬೇತುದಾರರು ಅವಳನ್ನೇ ನೋಡುತ್ತಾ ಹತ್ತಿರ ಬಂದರು.

"ಎಡಚಿ ಏನಮ್ಮಾ ನೀನು?"

"ಇಲ್ಲ ಸಾರ್, ಬಲಗೈ."

"ಮತ್ಯಾಕೆ ಬಲಗಾಲು ಮುಂದೆ ಇಟ್ಟಿದ್ದೀಯ? ಬಲಗೈನೋರು ಎಡಗಾಲು ಮುಂದೆ ಇಡ್ಬೇಕಲ್ಲ. ಜೋರಾಗಿರೋ ಕೈ ಹಿಂದೆ ಇರ್ಬೇಕು."

"ಪುಸ್ತಕದಲ್ಲಿ ಹಂಗೇ ಐತೆ!" ಎಂದು ನಾನು ಮುಂದೆ ನುಗ್ಗಿದೆ. ಚೀಲದಿಂದ ಪುಸ್ತಕ ತೆಗೆದು ಪುಟ ಬಿಡಿಸಿ ಅವರ ಮುಖಕ್ಕೆ ಹಿಡಿದೆ. ಅವರು ಚಿತ್ರದ ಮೇಲೆ ಬೆರಳಿಟ್ಟರು. ಎಡಗಾಲು ಮುಂದೆ. ಮುಂದಿನ ಪುಟ, ಎಡಗಾಲು. ಅದರ ಮುಂದಿನದೂ ಎಡಗಾಲು. ಫೋನಿನಲ್ಲಿ ನಮ್ಮ ಚಪ್ಪರದ ಗೋಡೆಯ ಫೋಟೋ ತೆಗೆದು ನೋಡಿದೆ. ಬಲಗಾಲು, ಬಲಗಾಲು, ಬಲಗಾಲು.

ಆಗ ಹೊಳೆಯಿತು. ಟೀ ಶರ್ಟ್! ಬಟ್ಟೆಗೆ ಹಾಕುವ ಚಿತ್ರವನ್ನು ಮೊದಲು ಕಾಗದದ ಮೇಲೆ ತಿರುಗುಮುರುಗಾಗಿ ಅಚ್ಚು ಹಾಕಬೇಕು, ಬಿಸಿ ಮಾಡಿ ಒತ್ತಿದಾಗ ಅದು ಬಟ್ಟೆಯ ಮೇಲೆ ನೆಟ್ಟಗಾಗುತ್ತದೆ. ಕ್ರಿಕೆಟ್ ಹುಡುಗರ ಕೆಲಸ ಮುಗಿಸಿ ಆ ಸೆಟ್ಟಿಂಗ್ ತೆಗೆಯುವುದನ್ನೇ ಮರೆತು ನಾನು ಪುಸ್ತಕವನ್ನು ಅಚ್ಚಿಗೆ ಹಾಕಿದ್ದೆ. ಅಕ್ಷರವಿದ್ದಿದ್ದರೆ ತಿರುಗಿದ್ದು ಕಾಣುತ್ತಿತ್ತು, ಅಕ್ಷರವನ್ನೆಲ್ಲ ನಾನೇ ಕತ್ತರಿಸಿದ್ದೆ. ವೀಡಿಯೋದ ಮುದುಕ ಎಡಗಾಲು, ಎಡಗಾಲು ಎಂದು ಎಷ್ಟು ಬಾರಿ ಹೇಳಿದ್ದನೋ, ಅವನ ಬಾಯಿಯನ್ನು ಮಾವ ಮುಚ್ಚಿಸಿದ್ದರು. ಎದುರಿಗಿದ್ದವನನ್ನು ಕನ್ನಡಿ ಎಂದುಕೊಂಡು ನೋಡಿದ್ದೆವು. ಎರಡು ತಪ್ಪುಗಳು ಒಂದಕ್ಕೊಂದು ಸಾಕ್ಷಿ ಹೇಳಿ ನಾಲ್ಕು ತಿಂಗಳು ನಮ್ಮನ್ನು ಕುಣಿಸಿದ್ದವು. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

"ಗರಡೀಲೂ ಕೆಲವ್ರು ಬಲಗಾಲು ಮುಂದೆ ಇಡ್ತಿದ್ರು" ಎಂದು ಮಾವ ಮೆಲ್ಲಗೆ ಶುರು ಮಾಡಿದರು.

"ಸುಮ್ನಿರಿ ಮಾವ, ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂದಂಗಾಯ್ತು" ಎಂದೆ. ಮಗಳು ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ತರಬೇತುದಾರರಿಗೂ ನಗು ತಡೆಯಲಾಗಲಿಲ್ಲ. "ಈಗ ಬದಲಾಯಿಸ್ಬೇಡಿ. ನಾಲ್ಕು ತಿಂಗಳ ಅಭ್ಯಾಸ, ಹಂಗೇ ಆಡ್ಲಿ. ಎದುರಿನೋಳಿಗೂ ಇದು ಹೊಸದೇ" ಎಂದರು. ಅವರು ಹೇಳಿದ್ದು ಸಮಾಧಾನಕ್ಕೋ ನಿಜಕ್ಕೋ ನನಗೆ ತಿಳಿಯಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಮಗಳ ಮೂಗು. ತಪ್ಪು ಪಾಠ ಕಲಿಸಿ ಅವಳನ್ನು ರಿಂಗಿಗೆ ಹತ್ತಿಸುತ್ತಿದ್ದೇನೆ, ಈ ಒಂದು ದಿನದಲ್ಲೇ ಅವಳ ಬಾಕ್ಸಿಂಗ್ ಮುಗಿಸಿಬಿಡುತ್ತೇನೆ ಎಂದು ಹೆದರಿದೆ. ಅಷ್ಟರಲ್ಲಿ ನನ್ನವರು ಬಂದು ಪಕ್ಕದಲ್ಲಿ ಕೂತರು. ಅವರಿಗೆ ಏನೂ ಹೇಳಲಿಲ್ಲ.

ಗಂಟೆ ಬಾರಿಸಿದರು. ಎದುರಿನ ಹುಡುಗಿ ಅನುಭವಸ್ಥೆ, ಎತ್ತರದವಳು. ಬಂದವಳೇ ಕೈ ಬೀಸಿದಳು, ನನ್ನ ಮಗಳ ತಲೆ ಅಲ್ಲಿರಲಿಲ್ಲ. ಮತ್ತೆ ಬೀಸಿದಳು, ಅಲ್ಲೂ ಇರಲಿಲ್ಲ. ಮುಂದಿದ್ದ ಇವಳ ಬಲಗಾಲಿಗೂ ಅವಳ ಎಡಗಾಲಿಗೂ ಡಿಕ್ಕಿ, ಆ ಹುಡುಗಿ ಪ್ರತಿ ಸಲವೂ ಕೆಳಗೆ ನೋಡುವಳು. ಇವಳು ಅಷ್ಟರಲ್ಲಿ ಮುಂದಿದ್ದ ಬಲಗೈಯನ್ನು ಪಟ್ ಎಂದು ತಗುಲಿಸಿ ಪಕ್ಕಕ್ಕೆ ಸರಿದುಬಿಡುವಳು. "ಹೆಜ್ಜೆ ನೋಡೇ, ಹೆಜ್ಜೆ!" ಎಂದು ಮಾವ ಕುರ್ಚಿಯಿಂದ ಎದ್ದು ನಿಂತರು. ಮೊದಲ ಸುತ್ತು ಮುಗಿದಾಗ ನಾನು ಉಸಿರಾಡಿದೆ. ಎರಡನೆಯ ಸುತ್ತಿನಲ್ಲೂ ಮೂಗು ಒಣಗಿಯೇ ಇತ್ತು. ನಾನು ನನ್ನವರ ಕಡೆ ತಿರುಗಲೇ ಇಲ್ಲ. ಅವರು ಎಂದಿನಂತೆ ಕಣ್ಣು ಮುಚ್ಚಿಕೊಂಡಿರುತ್ತಾರೆ ಎಂದೇ ಅಂದುಕೊಂಡಿದ್ದೆ.

ಮೂರನೆಯ ಸುತ್ತಿನಲ್ಲಿ ಎದುರಿನ ಹುಡುಗಿ ಇವಳ ಲೆಕ್ಕ ಕಂಡುಕೊಂಡಳು. ಇವಳು ಹೊಡೆದು ಕೈ ಹಿಂದಕ್ಕೆ ತೆಗೆದುಕೊಳ್ಳುವ ಹೊತ್ತಿಗೆ ನೆಟ್ಟಗೊಂದು ಗುದ್ದು. ಟಪ್ ಎಂಬ ಸದ್ದು ನನಗೇ ಕೇಳಿಸಿತು. ತೀರ್ಪುಗಾರರು ತಡೆದರು, ಡಾಕ್ಟರು ಮೂಗಿಗೆ ಹತ್ತಿ ಒತ್ತಿದರು. ಬಿಳಿ ಹತ್ತಿಯ ಮೇಲೆ ಕೆಂಪು. ಒಂದೇ ತೊಟ್ಟು, ಆದರೂ ಒಂದು ತೊಟ್ಟು ಹೌದು. ಮಗಳು ತಲೆಯಾಡಿಸಿ ಮತ್ತೆ ಆಡಿದಳು, ಉಳಿದ ಹೊತ್ತು ಪೂರ್ತಿ ಆಡಿದಳು. ಕೊನೆಗೆ ತೀರ್ಪುಗಾರರು ಎದುರಿನ ಹುಡುಗಿಯ ಕೈ ಎತ್ತಿದರು. ಬಹಳ ಹತ್ತಿರದ ಪಂದ್ಯ ಎಂದು ಮೈಕಿನಲ್ಲಿ ಹೇಳಿದರು. ಇಬ್ಬರೂ ತಬ್ಬಿಕೊಂಡರು. ಮಗಳು ಮೂಗಿನಲ್ಲಿ ಹತ್ತಿ ಇಟ್ಟುಕೊಂಡೇ ನಮ್ಮ ಕಡೆ ಓಡಿ ಬಂದಳು, ಸೋತವಳ ಮುಖವೇ ಅಲ್ಲ ಅದು, ಕಿವಿಯವರೆಗೂ ನಗು. ಅಪ್ಪನ ಮುಖ ಕಂಡಮೇಲೆ ಅವಳಿಗೆ ಹತ್ತಿಯ ನೆನಪಾಯಿತು. ಸರಕ್ಕನೆ ಅದನ್ನು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ನನ್ನನ್ನು ನೋಡಿದಳು. ಹೇಳಬೇಡಮ್ಮ ಎಂದು ಕಣ್ಣಲ್ಲೇ ಬೇಡುತ್ತಿದ್ದಳು.

ಸುಳ್ಳು ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಮಾತು ಕೊಟ್ಟವಳು ನಾನು. ತಪ್ಪು ಮಾಡಿದವಳೂ ನಾನೇ. ನನ್ನವರ ಕಡೆ ತಿರುಗಿ, "ರೀ, ರಕ್ತ ಬಂತು ಕಣ್ರೀ. ಒಂದು ತೊಟ್ಟು. ತಪ್ಪೆಲ್ಲ ನಂದು, ಚಿತ್ರ ತಿರುಗಿಸಿ ಅಚ್ಚು ಹಾಕಿದ್ದೆ" ಎಂದೆ.

"ಗೊತ್ತು. ನೋಡ್ದೆ" ಎಂದರು ಅವರು.

"ನೋಡಿದ್ರಾ? ನೀವು?"

"ಮೂರು ಸುತ್ತೂ ನೋಡ್ದೆ. ಕಣ್ಣು ಮುಚ್ಚೋಣ ಅಂದ್ಕಂಡೆ ಕಣೇ, ಆಗ್ಲಿಲ್ಲ." ಎದ್ದು ಹೋಗಿ ಮಗಳ ಮುಷ್ಟಿ ಬಿಡಿಸಿದರು, ಹತ್ತಿಯನ್ನು ನೋಡಿದರು, ತಮ್ಮ ಜೇಬಿನಲ್ಲಿ ಹಾಕಿಕೊಂಡರು. ಆಮೇಲೆ ಕೈ ಎತ್ತಿ ಗಲ್ಲದ ಮುಂದೆ ಹಿಡಿದು ತೋರಿಸಿದರು. "ಹೊಡೆದ ಮೇಲೆ ಕೈನ ಇಲ್ಲಿಗೆ ವಾಪಸ್ ತರ್ಬೇಕು ಮಗಾ. ನೀನು ಸೊಂಟದ ಹತ್ರ ಇಳಿಸ್ತೀಯ. ಎರಡನೇ ಸುತ್ತಲ್ಲೂ ಎರಡು ಸಲ ಇಳಿಸ್ದೆ, ಅವಳು ಆಗ ನೋಡ್ಲಿಲ್ಲ ಅಷ್ಟೆ."

ಅವರು ನನ್ನ ಕಡೆ ತಿರುಗಿದರು.

"ಅದನ್ನ ಸರಿ ಮಾಡೋಕೆ ಯಾವ್ದಾದ್ರೂ ಒಳ್ಳೆ ವೀಡಿಯೋ ಐತೇನೇ? ಈ ಸಲ ನಾನೂ ಕೂತ್ಕಂಡು ಆರಿಸ್ತೀನಿ."